ಸ್ಕ್ರೂ ತೂತು ಮತ್ತು 100 ಪಿಕೋಸೆಕೆಂಡ್

ಮೂರು ವಾರ ನಾನು ಒಂದು ಸ್ಕ್ರೂ ತೂತಿನ ಬೆನ್ನು ಬಿದ್ದಿದ್ದೆ. ಹುಡುಕುತ್ತಿರುವುದು ಸ್ಕ್ರೂ ತೂತನ್ನು ಅಂತ ಮಾತ್ರ ಗೊತ್ತಿರಲಿಲ್ಲ.

ನನ್ನದು ರೇಡಿಯೋ ಬೋರ್ಡುಗಳನ್ನು ಟೆಸ್ಟ್ ಮಾಡುವ ಕೆಲಸ. ಬೆಂಗಳೂರಿನ ಒಂದು ಲ್ಯಾಬು, ಕಿಟಕಿ ಇಲ್ಲದ ರೂಮು. ಆಗ ಕೈಯಲ್ಲಿದ್ದದ್ದು 5ಜಿ ಸಣ್ಣ ಬೇಸ್ ಸ್ಟೇಷನ್ನಿನ ರಿಸೀವರ್. 3.5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ 100 ಮೆಗಾಹರ್ಟ್ಸ್ ಅಗಲದ ಚಾನೆಲ್. ಡೈರೆಕ್ಟ್ ಕನ್ವರ್ಷನ್ ಅನ್ನುತ್ತೇವೆ. ಆಂಟೆನಾದಿಂದ ಬಂದದ್ದನ್ನು ಮಧ್ಯೆ ಎಲ್ಲೂ ನಿಲ್ಲಿಸದೆ ಸೀದಾ ಸೊನ್ನೆ ಫ್ರೀಕ್ವೆನ್ಸಿಗೆ ಇಳಿಸಿಬಿಡುವುದು, ಚಾನೆಲ್ಲಿನ ನಡು ಸೊನ್ನೆಗೆ ಬರುವ ಹಾಗೆ. ಇಳಿದ ಸಿಗ್ನಲ್ ಎರಡು ದಾರಿಯಲ್ಲಿ ಬರುತ್ತದೆ, ಐ ಮತ್ತು ಕ್ಯೂ. ಎರಡರ ಎತ್ತರ ಒಂದೇ ಇರಬೇಕು, ನಡುವೆ ಸರಿಯಾಗಿ 90 ಡಿಗ್ರಿ, ಅಂದರೆ ಕಾಲು ಸುತ್ತು, ಅಂತರ ಇರಬೇಕು.

ಇರುವುದಿಲ್ಲ. ಯಾವ ಬೋರ್ಡಿನಲ್ಲೂ ಇರುವುದಿಲ್ಲ. ಆಗ ಸೊನ್ನೆಯ ಬಲಕ್ಕೆ 5 ಮೆಗಾಹರ್ಟ್ಸ್ ದೂರದಲ್ಲಿ ಒಂದು ಟೋನ್ (ಒಂದೇ ಫ್ರೀಕ್ವೆನ್ಸಿಯ ಸಿಗ್ನಲ್) ಕೊಟ್ಟರೆ ಎಡಕ್ಕೆ ಅಷ್ಟೇ ದೂರದಲ್ಲಿ ಅದರ ನೆರಳು ಎದ್ದು ನಿಲ್ಲುತ್ತದೆ. ಅದೇ ಇಮೇಜ್. ಎತ್ತರದಲ್ಲಿ ಬರೀ 0.1 ಡಿಬಿ (ಡೆಸಿಬೆಲ್, ಸಿಗ್ನಲ್ಲುಗಳ ಬಲ ಹೋಲಿಸುವ ಅಳತೆ), ಕೋನದಲ್ಲಿ 1 ಡಿಗ್ರಿ ತಪ್ಪಿದರೂ ಸಾಕು, ಇಮೇಜ್ ಸಿಗ್ನಲ್ಲಿಗಿಂತ 40 ಡಿಬಿ ಕೆಳಗೆ ಹೋಗುವುದೇ ಇಲ್ಲ. ನಮಗೆ ಬೇಕಾಗಿದ್ದದ್ದು 50. ಬೋರ್ಡು ಕೈಗೆ ಬಂದಾಗ ಇದ್ದದ್ದು 33.

ಇದಕ್ಕೆ ಮದ್ದು ಗೊತ್ತಿರುವುದೇ. ಎತ್ತರದ ತಪ್ಪು ಎಷ್ಟು, ಕೋನದ ತಪ್ಪು ಎಷ್ಟು ಅಂತ ಅಳೆದು, ಡಿಜಿಟಲ್ ಕಡೆ ಕ್ಯೂ ಅನ್ನು ಗುಣಿಸಿ, ಐಯ ಸ್ವಲ್ಪ ಪಾಲು ಸೇರಿಸಿದರೆ ಆಯಿತು. ಎರಡೇ ಅಂಕಿ. ಹಾಕಿದೆ. ಇಮೇಜ್ 60 ಡಿಬಿ ಕೆಳಗೆ ಹೋಯಿತು. ಅವತ್ತು ಆರು ಗಂಟೆಗೇ ಮನೆಗೆ ಹೋದೆ.

ಮಾರನೇ ದಿನ ಟೋನನ್ನು ಸುಮ್ನೆ ಅತ್ತಿತ್ತ ಸರಿಸಿ ನೋಡಿದೆ. 45 ಮೆಗಾಹರ್ಟ್ಸ್‌ನಲ್ಲಿ 38 ಡಿಬಿ. ಎಡಕ್ಕೆ ಅಷ್ಟೇ ದೂರ ಹೋದರೆ ಇನ್ನೂ ಕೆಟ್ಟದು, 36.

36 ಆದರೆ ಏನಾಯಿತು ಅಂತ ಮ್ಯಾನೇಜರ್ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಚಾನೆಲ್ಲಿನ ಬಲತುದಿಯಲ್ಲಿ ಒಬ್ಬರ ಫೋನು ಮಾತಾಡುತ್ತಿದೆ, ಕಂಬದ ಬುಡದಲ್ಲೇ ನಿಂತು. ಎಡತುದಿಯಲ್ಲಿ ಇನ್ನೊಬ್ಬರದು, ದೂರದ ಬೇಸ್‌ಮೆಂಟಿನಲ್ಲಿ. ಮೊದಲಿನದು 30 ಡಿಬಿ ಜೋರಾಗಿದೆ ಅಂದುಕೊಳ್ಳಿ. ಅದರ ನೆರಳು ಬಂದು ಬೀಳುವುದು ಸೀದಾ ಬೇಸ್‌ಮೆಂಟಿನವರ ಮೇಲೆ. ಅವರಿಗೆ ಉಳಿಯುವುದು ಬರೀ 6 ಡಿಬಿ. ಅಷ್ಟರಲ್ಲಿ ಡೇಟಾ ತೆವಳುತ್ತದೆ, ಅಷ್ಟೇ.

ನಾನು ಫಿಲ್ಟರುಗಳನ್ನು ಅನುಮಾನಿಸಿದೆ. ಬೇಡದ ಹೆಚ್ಚಿನ ಫ್ರೀಕ್ವೆನ್ಸಿ ತಡೆಯಲು ಐಗೊಂದು, ಕ್ಯೂಗೊಂದು ಲೋ ಪಾಸ್ ಫಿಲ್ಟರ್ ಇರುತ್ತದಲ್ಲ, ಅವುಗಳ ಕೆಪಾಸಿಟರ್ ಒಂದೇ ಸಮ ಇಲ್ಲ ಅಂತ. ಒಂದೊಂದಾಗಿ ಕಿತ್ತು, ಅಳೆದು, ಜೋಡಿ ನೋಡಿ ಮತ್ತೆ ಕೂರಿಸಿದೆ. ಅಕ್ಕಿ ಕಾಳಿಗಿಂತ ಸಣ್ಣವು. ಎರಡು ವಾರ ಅದರಲ್ಲೇ ಹೋಯಿತು. ಕೊನೆಗೆ 36 ಹೋಗಿ 36.4 ಆಯಿತು. (ಒಂದು ಬೋರ್ಡಿನಲ್ಲಿ ಬೆಸುಗೆ ಹಾಕುವ ತಾಮ್ರದ ಪ್ಯಾಡೂ ಕಿತ್ತುಬಂತು. ಅದನ್ನು ಡ್ರಾಯರಿನಲ್ಲಿ ಬಚ್ಚಿಟ್ಟಿದ್ದೇನೆ.)

ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸವನ್ನು ಹದಿನೈದನೇ ದಿನ ಮಾಡಿದೆ. ಎಡಕ್ಕೆ 50ರಿಂದ ಬಲಕ್ಕೆ 50 ಮೆಗಾಹರ್ಟ್ಸ್‌ವರೆಗೆ ಒಂದೊಂದೇ ಟೋನ್ ಹಾಕಿ, ಪ್ರತಿಯೊಂದರಲ್ಲೂ ಕೋನ ಎಷ್ಟು ತಪ್ಪಿದೆ ಅಂತ ಗ್ರಾಫ್ ಬರೆದೆ. ಸ್ಕೇಲಿಟ್ಟು ಎಳೆದ ಹಾಗೆ ಒಂದು ನೇರ ಗೆರೆ! ನಡುವೆ, ಸೊನ್ನೆಯ ಜಾಗದಲ್ಲಿ, 1.5 ಡಿಗ್ರಿ. ಅದು ಸಿಗ್ನಲ್ಲನ್ನು ಇಳಿಸುವ ಆಸಿಲೇಟರಿನ ತಪ್ಪು, ಎಲ್ಲ ಫ್ರೀಕ್ವೆನ್ಸಿಗೂ ಒಂದೇ. ಆದರೆ ಈ ತುದಿಯಿಂದ ಆ ತುದಿಗೆ ಗೆರೆ 3.6 ಡಿಗ್ರಿ ಇಳಿದಿತ್ತು.

ಹೀಗೆ ನೇರವಾಗಿ ಇಳಿಯುವ ಗೆರೆಗೆ ಒಂದೇ ಅರ್ಥ. ಕ್ಯೂ ತಡವಾಗಿ ಬರುತ್ತಿದೆ. ನಮ್ಮೂರ ಭಜನೆಯಲ್ಲಿ ಇಬ್ಬರು ತಾಳ ಹಾಕುತ್ತಿದ್ದರು, ಒಬ್ಬರು ಯಾವಾಗಲೂ ಒಂದು ಚೂರು ಹಿಂದೆ. ನಿಧಾನದ ಪದದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಕೊನೆಯಲ್ಲಿ ಲಯ ಏರಿದಾಗ ಮಾತ್ರ ಅದೇ ಒಂದು ಚೂರು ಗದ್ದಲವಾಗುತ್ತಿತ್ತು. ಇಲ್ಲೂ ಹಾಗೇ. ತಡ ಅಷ್ಟೇ, ಫ್ರೀಕ್ವೆನ್ಸಿ ಏರಿದಷ್ಟೂ ತಪ್ಪು ಜಾಸ್ತಿ.

ಎಷ್ಟು ತಡ? 100 ಮೆಗಾಹರ್ಟ್ಸ್‌ನ ಒಂದು ಸುತ್ತಿಗೆ 10 ನ್ಯಾನೋಸೆಕೆಂಡ್. 3.6 ಡಿಗ್ರಿ ಅಂದರೆ ಸುತ್ತಿನ ನೂರರಲ್ಲಿ ಒಂದು ಪಾಲು, 0.1 ನ್ಯಾನೋಸೆಕೆಂಡ್. 100 ಪಿಕೋಸೆಕೆಂಡ್. ಬೋರ್ಡಿನ ತಾಮ್ರದಲ್ಲಿ ಸಿಗ್ನಲ್ 1 ನ್ಯಾನೋಸೆಕೆಂಡಿಗೆ ಹೆಚ್ಚುಕಡಿಮೆ 15 ಸೆಂಟಿಮೀಟರ್ ಓಡುತ್ತದೆ. ಹಾಗಾದರೆ ಒಂದೂವರೆ ಸೆಂಟಿಮೀಟರ್.

ಬೋರ್ಡಿನ ಲೇಔಟ್ (ತಾಮ್ರದ ಗೆರೆಗಳ ನಕ್ಷೆ) ಮಾಡಿದ ಹಿರಿಯರ ಹತ್ತಿರ ಓಡಿದೆ.

"ಪ್ಲಸ್ಸು ಮೈನಸ್ಸು ಎರಡೂ ಮ್ಯಾಚ್ ಆಗಿದೆ, ನೋಡಮ್ಮ" ಅಂದರು. ಐ, ಕ್ಯೂ ಒಂದೊಂದೂ ಪ್ಲಸ್, ಮೈನಸ್ ಅನ್ನುವ ಜೋಡಿ ಗೆರೆಯಲ್ಲಿ ಹೋಗುತ್ತದೆ, ಆ ಜೋಡಿಯ ಉದ್ದ ಸಮ ಇದೆ ಅಂತ.

"ಐಗೂ ಕ್ಯೂಗೂ ಮ್ಯಾಚ್ ಮಾಡಿದ್ದೀರಾ ಸರ್?"

ಟೀ ಲೋಟ ಕೆಳಗಿಟ್ಟರು. ಸ್ಕ್ರೀನ್ ದೊಡ್ಡದು ಮಾಡಿದರು. ಐ ನೇರವಾಗಿ ಎಡಿಸಿಗೆ (ಸಿಗ್ನಲ್ಲನ್ನು ಅಳೆದು ಅಂಕಿಗಳಾಗಿಸುವ ಚಿಪ್ಪಿಗೆ) ಹೋಗುತ್ತಿತ್ತು. ಕ್ಯೂ ಒಂದು ಸ್ಕ್ರೂ ತೂತನ್ನು ಸುತ್ತುಹಾಕಿಕೊಂಡು ಹೋಗುತ್ತಿತ್ತು. 14 ಮಿಲಿಮೀಟರ್ ಜಾಸ್ತಿ. ಮಿಕ್ಕಿದ ಚೂರು ಫಿಲ್ಟರಿನದು ಇರಬೇಕು, ನನ್ನ ಎರಡು ವಾರಕ್ಕೆ ಅಷ್ಟಾದರೂ ಮರ್ಯಾದೆ ಬೇಡವೇ?

ಬೋರ್ಡು ಆಗಲೇ ನಲವತ್ತು ತಯಾರಾಗಿದ್ದವು. ಸಾಫ್ಟ್‌ವೇರಿನಲ್ಲೇ ಸರಿಮಾಡಬೇಕು. ಎಡಿಸಿ ಅಳೆದ ಒಂದೊಂದು ಅಂಕಿಯೂ ಒಂದು ಸ್ಯಾಂಪಲ್. ನಮ್ಮ ಸ್ಯಾಂಪಲ್ ವೇಗ ಸೆಕೆಂಡಿಗೆ 122.88 ಮೆಗಾ, ಅಂದರೆ 8.14 ನ್ಯಾನೋಸೆಕೆಂಡಿಗೊಂದು ಸ್ಯಾಂಪಲ್. 100 ಪಿಕೋಸೆಕೆಂಡ್ ಅದರ ಎಂಬತ್ತೊಂದರಲ್ಲಿ ಒಂದು ಪಾಲು. ಇಡೀ ಸ್ಯಾಂಪಲ್ ಸರಿಸಿ ಪ್ರಯೋಜನವಿಲ್ಲ. ಕ್ಯೂ ದಾರಿಗೆ, ಅಕ್ಕಪಕ್ಕದ 11 ಸ್ಯಾಂಪಲ್ಲುಗಳನ್ನು ಬೇರೆ ಬೇರೆ ಅಂಕಿಯಿಂದ ಗುಣಿಸಿ ಕೂಡುವ, 11 ಟ್ಯಾಪಿನ ಒಂದು ಎಫ್‌ಐಆರ್ ಫಿಲ್ಟರ್ ಹಾಕಿದೆ. ತುದಿಗಳಲ್ಲಿ ಎತ್ತರ ಬಾಗಿದ್ದದ್ದನ್ನೂ ಅದೇ ಸರಿಮಾಡಿತು. ಮೊದಲ ಸಲ ರನ್ ಮಾಡಿದಾಗ ಕೆಲವು ಕಡೆ ಇಮೇಜು ಸಿಗ್ನಲ್ಲಿನಷ್ಟೇ ಎತ್ತರಕ್ಕೆ ಎದ್ದಿತ್ತು. ಫಿಲ್ಟರ್ ಕ್ಯೂ ಅನ್ನು 5 ಸ್ಯಾಂಪಲ್ ಹಿಂದೆ ತಳ್ಳುತ್ತದೆ, ಐಯನ್ನೂ ಅಷ್ಟೇ ತಡೆದು ನಿಲ್ಲಿಸಬೇಕು. ಅದನ್ನು ಮರೆತಿದ್ದೆ. ಆಮೇಲೆ ಉದ್ದಕ್ಕೂ 55 ಡಿಬಿ ಬಂತು.

ಬಿಸಿ ಪೆಟ್ಟಿಗೆಯಲ್ಲಿ 55 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟಾಗ ಮತ್ತೆ 49ಕ್ಕೆ ಬಂತು. ಈ ಸಲ ಗಾಬರಿಯಾಗಲಿಲ್ಲ, ಸೀದಾ ಗ್ರಾಫ್ ಬರೆದೆ. ಗೆರೆಯ ಇಳಿಜಾರು ಹಾಗೇ ಇತ್ತು. ತಾಮ್ರದ ಉದ್ದ ಬಿಸಿಗೆ ಬದಲಾಗುವುದು ಲೆಕ್ಕಕ್ಕೇ ಇಲ್ಲ. ನಡುವಿನ 1.5 ಮಾತ್ರ 1.9 ಆಗಿತ್ತು. ಹಾಗಾಗಿ ಕೆಲಸ ಹಂಚಿದೆ. ಎಫ್‌ಐಆರ್ ಅನ್ನು ಫ್ಯಾಕ್ಟರಿಯಲ್ಲಿ ಒಂದೇ ಸಲ ಬರೆದು ಬಿಡುವುದು. ಹಳೆಯ ಎರಡು ಅಂಕಿ ಮಾತ್ರ ಓಡುತ್ತಾ ಓಡುತ್ತಾ ಬದಲಾಗಬೇಕು. ಅದಕ್ಕೆ ಟೋನೂ ಬೇಕಿಲ್ಲ. ಬರುವ 5ಜಿ ಸಿಗ್ನಲ್ಲಿನಲ್ಲೇ ಐ ಮತ್ತು ಕ್ಯೂ ಗುಣಿಸಿ ಸರಾಸರಿ ತೆಗೆದರೆ ಸೊನ್ನೆ ಬರಬೇಕು, ಎರಡರ ಪವರ್ ಸಮ ಇರಬೇಕು. ಬರದಿದ್ದರೆ ಅದೇ ತಪ್ಪಿನ ಅಳತೆ.

ಹೊಸ ಬೋರ್ಡು ಹೋದ ತಿಂಗಳು ಬಂತು. ಸ್ಕ್ರೂ ತೂತು ಅಲ್ಲೇ ಇದೆ, ಪೆಟ್ಟಿಗೆ ಬದಲಿಸಲು ಆಗುವುದಿಲ್ಲವಂತೆ. ಐ ದಾರಿಯಲ್ಲಿ ಹಾವಿನ ಹಾಗೆ ಮೂರು ಸುತ್ತು ಹಾಕಿದ್ದಾರೆ. ಸ್ಕೇಲ್ ಹಿಡಿದು ಅಳೆಯಲು ಹೋದೆ, ಲೇಔಟ್ ಸರ್ ನೋಡಿ ನಕ್ಕರು.