ಅಟ್ಟದ ಡೈಪೋಲ್: ಸಂಜೆಯ ಗದ್ದಲದ ಮೂಲ ಸಿಕ್ಕಿತು

ವಿಮಾನಗಳ ಮಾತುಕತೆ ಕೇಳುವ ನನ್ನ ರೇಡಿಯೋದಲ್ಲಿ ಕೊನೆಗೂ ಗದ್ದಲ ಇಳೀತು. ನಿನ್ನೆ ಸಂಜೆ ಏಳಕ್ಕೆ ಏರ್‌ಬ್ಯಾಂಡಿನ (ವಿಮಾನಗಳ ರೇಡಿಯೋ ಪಟ್ಟಿ) ವಾಟರ್‌ಫಾಲ್, ಅಂದರೆ ಸಿಗ್ನಲ್‌ಗಳನ್ನು ಬಣ್ಣದಲ್ಲಿ ತೋರಿಸುವ ಲ್ಯಾಪ್‌ಟಾಪ್ ಚಿತ್ರ, ತೆಗೆದರೆ ಇಡೀ ಪರದೆ ಕಪ್ಪು. ನಡುನಡುವೆ ದೇವನಹಳ್ಳಿ ಕಡೆ ಇಳಿಯುವ ವಿಮಾನಗಳ ಎಎಂ ಕ್ಯಾರಿಯರ್ (ಮಾತು ಹೊರುವ ಸಿಗ್ನಲ್) ಗೆರೆಗಳು ಮಾತ್ರ. ಹೋದ ತಿಂಗಳು ಇದೇ ಹೊತ್ತಿನಲ್ಲಿ ಅಲ್ಲಿ ಬರೀ ಹಳದಿ ಗೋಡೆ ಇರುತ್ತಿತ್ತು.

ಆಂಟೆನಾ ಬಗ್ಗೆ ಹೇಳೋದು ಹೆಚ್ಚೇನಿಲ್ಲ. 127 ಮೆಗಾಹರ್ಟ್ಸ್‌ಗೆ ಕತ್ತರಿಸಿದ ಲಂಬ ಡೈಪೋಲ್ (ಎರಡು ತೋಳಿನ ಆಂಟೆನಾ), ತೋಳು 56 ಸೆಂಟಿಮೀಟರ್, ಪಿವಿಸಿ ಪೈಪಿಗೆ ಕಟ್ಟಿ ಅಟ್ಟದ ತೊಲೆಗೆ ಬಿಗಿದಿದ್ದೇನೆ. ಗೌರಿಬಿದನೂರಿನಲ್ಲಿ ಸೂರಿನ ಮೇಲೆ ಕಂಬ ನಿಲ್ಲಿಸಿದರೆ ಕೋತಿಗಳಿಗೆ ಹಬ್ಬ, ಅದಕ್ಕೇ ಅಟ್ಟ. ಮಂಗಳೂರು ಹೆಂಚು ಈ ವಿಎಚ್‌ಎಫ್ ತರಂಗಗಳಿಗೆ ಅಡ್ಡ ಬರೋದಿಲ್ಲ. ಕೇಬಲ್, ಡಿಶ್ ಟಿವಿಯವರು ಬಳಸುವ ಆರ್‌ಜಿ-6 ಕೋಆಕ್ಸ್: ನಡುವೆ ತಂತಿ, ಸುತ್ತ ಲೋಹದ ಜಾಲರಿ. 75 ಓಂ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ಡೈಪೋಲೇ 73 ಓಂ ಇರುತ್ತೆ, ಡಾಂಗಲ್‌ನ (ಲ್ಯಾಪ್‌ಟಾಪಿಗೆ ಚುಚ್ಚುವ ರೇಡಿಯೋ) 50 ಓಂ ತುದಿಯಲ್ಲಿ ಕಳೆದುಹೋಗೋದು 0.18 ಡಿಬಿ (ಡೆಸಿಬೆಲ್). 50 ಓಂ ಕೇಬಲ್ ಆರ್‌ಜಿ-58ರ ಉದ್ದಕ್ಕೂ ಸೋರಿಹೋಗುವುದಕ್ಕೆ ಹೋಲಿಸಿದರೆ ಇದು ಲೆಕ್ಕಕ್ಕೇ ಇಲ್ಲ.

ಈಗ ಕಾಟದ ವಿಷಯ. 118ರಿಂದ 137 ಮೆಗಾಹರ್ಟ್ಸ್‌ವರೆಗೆ ಮಸುಕು ಅಂಚಿನ ಗುಬ್ಬಗಳು, ಸುಮಾರು 60 ಕಿಲೋಹರ್ಟ್ಸ್‌ಗೆ ಒಂದರಂತೆ. ಯಾವುದೋ ಎಸ್‌ಎಂಪಿಎಸ್ (ಚಾರ್ಜರ್‌ಗಳಲ್ಲಿರುವಂಥ ಸ್ವಿಚಿಂಗ್ ಪವರ್ ಸಪ್ಲೈ) ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಯಾರದ್ದು ಅನ್ನೋದೇ ಪ್ರಶ್ನೆ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೇ ಓಡುತ್ತಿತ್ತು, ಚಾರ್ಜರ್ ತಂಟೆ ಇರಲಿಲ್ಲ. ಮೇನ್ ಸ್ವಿಚ್ ಕೆಳಗಿಳಿಸಿದರೂ ಗದ್ದಲ ಒಂದು ಡಿಬಿ ಕದಲಲಿಲ್ಲ. ಹಾಗಾದರೆ ಹೊರಗಿನದು. ಬೀದಿ ದೀಪವೇ? ಅದು ರಾತ್ರಿಯಿಡೀ ಉರಿಯುತ್ತೆ, ಈ ಗದ್ದಲ ಕತ್ತಲಾಗುವಾಗ ಹುಟ್ಟಿ ಒಂಬತ್ತೂವರೆಗೆ ಸಾಯುತ್ತೆ, ಮತ್ತೆ ಬೆಳಗಿನ ಜಾವ ಸ್ವಲ್ಪ ಹೊತ್ತು. ಪಕ್ಕದ ಮನೆಯ ಸೆಟ್‌ಟಾಪ್ ಬಾಕ್ಸ್ ಮೇಲೆ ಅನುಮಾನ ಬಲವಾಯಿತು. ಆದರೆ ಸೀರಿಯಲ್ ಹೊತ್ತಿನಲ್ಲಿ ಹೋಗಿ ‘ಒಂಚೂರು ಟಿವಿ ಆರಿಸ್ತೀರಾ’ ಅನ್ನುವಷ್ಟು ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗಿದೆ?

ಗುಟ್ಟು ಬಿಟ್ಟುಕೊಟ್ಟದ್ದು ಕರೆಂಟು. ಒಂದು ಸಂಜೆ ಹೋದದ್ದು ಬರಲೇ ಇಲ್ಲ. ಬೀದಿಗೆ ಬೀದಿಯೇ ಕತ್ತಲು, ಗದ್ದಲ ಮಾತ್ರ ಹಾಗೇ. ಆಮೇಲೆ ನಮ್ಮ ಇನ್ವರ್ಟರ್ ಬ್ಯಾಟರಿ ಖಾಲಿಯಾಗಿ ಕೀಂಯ್ ಎಂದು ಕೂಗಿಕೊಂಡು ಆಫ್ ಆಯ್ತು. ಅದೇ ಕ್ಷಣ ವಾಟರ್‌ಫಾಲ್ ಕಪ್ಪಾಯ್ತು! ಮೇನ್ ಆಫ್ ಮಾಡಿದರೂ ಇನ್ವರ್ಟರ್ ಲೈನು ಜೀವಂತ ಇರುತ್ತಲ್ಲ, ಕಳ್ಳ ಅಲ್ಲೇ ಕೂತಿದ್ದ.

ಆ ಲೈನಿನಲ್ಲಿ ಬೆಳಗ್ಗೆ ಸಂಜೆ ಮಾತ್ರ ಉರಿಯೋದು ಒಂದೇ: ದೇವರ ಮನೆಯ ಎಲ್‌ಇಡಿ ಬಲ್ಬು. ಅಮ್ಮ ದೀಪ ಹಚ್ಚುವಾಗ ಹಾಕಿ, ಮಲಗುವಾಗ ಆರಿಸುತ್ತಾರೆ. ಬಲ್ಬಿನ ತಲೆ ತಿರುಚಿ ಒಳಗೆ ನೋಡಿದೆ. ಬೋರ್ಡಿನ ಮೇಲೆ ಎಲ್-1 ಎಂದು ಅಚ್ಚಾದ ಜಾಗ ಇದೆ, ಇಂಡಕ್ಟರ್ (ಗದ್ದಲ ತಡೆಯುವ ಸುರುಳಿ) ಇಲ್ಲ, ಅದರ ಎರಡು ತೂತಿಗೆ ಒಂದು ತುಂಡು ತಂತಿ ಬೆಸುಗೆ ಹಾಕಿದ್ದಾರೆ. ಡಿಸೈನ್ ಮಾಡಿದವನು ಫಿಲ್ಟರ್ ಇಟ್ಟಿದ್ದ, ತಯಾರಿಸಿದವನು ಒಂದೆರಡು ರೂಪಾಯಿ ಉಳಿಸಿದ. ಆ ಉಳಿತಾಯದ ಬೆಲೆ ನನ್ನ ಏರ್‌ಬ್ಯಾಂಡ್.

ಬಲ್ಬು ಬದಲಿಸಿದ ಮೇಲೆ ಗುಬ್ಬಗಳು ಹೋದವು, ಆದರೆ ತಳದ ಗದ್ದಲ ಪೂರ್ತಿ ಇಳಿಯಲಿಲ್ಲ. ನಮ್ಮದು ಹಳೆಯ ಮರದ ಕೇಸಿಂಗ್ ವೈರಿಂಗ್. ಅದು ಹೋಗುವ ತೊಲೆಯ ಮೇಲೆಯೇ ಕೋಆಕ್ಸೂ ಇಳಿಯುತ್ತೆ, ಮನೆಯ ಉಳಿದ ಕಸವೆಲ್ಲ ಅದರ ಜಾಲರಿಯ ಹೊರಮೈ ಹತ್ತಿ ಡೈಪೋಲ್‌ಗೆ ಸೇರುತ್ತೆ. ಅಟ್ಟದಲ್ಲಿ ಬೇರೆ ದಾರಿಯಿಲ್ಲ, ಚೋಕ್, ಅಂದರೆ ಜಾಲರಿಯ ಹೊರಮೈ ಹತ್ತುವ ಗದ್ದಲಕ್ಕೆ ತಡೆ, ಬೇಕೇ ಬೇಕು. ಕೆಳಗಿನ ಫ್ರೀಕ್ವೆನ್ಸಿಯ ಎಚ್‌ಎಫ್‌ನವರ ಹಾಗೆ ದೊಡ್ಡ ಟೊರಾಯ್ಡಿಗೆ (ಫೆರೈಟ್ ಬಳೆ) ಹತ್ತು ಸುತ್ತು ಸುತ್ತಿದರೆ ವಿಎಚ್‌ಎಫ್‌ನಲ್ಲಿ ಪ್ರಯೋಜನವಿಲ್ಲ, ಸುತ್ತುಗಳ ನಡುವಿನ ಕೆಪಾಸಿಟನ್ಸ್ ಎಲ್ಲ ಕೆಡಿಸುತ್ತೆ. ಕೇಬಲ್‌ಗೆ ಫೆರೈಟ್ (ಕಾಂತೀಯ ಸೆರಾಮಿಕ್) ಮಣಿ ಪೋಣಿಸಬೇಕು.

ಮಿಕ್ಸ್ 31 ಎಂಬ ಜಾತಿಯ ಫೆರೈಟ್ ಮಣಿಗಳಿಗೆ ಆನ್‌ಲೈನಿನಲ್ಲಿ ಆರ್ಡರ್ ಹಾಕಿದೆ. ಬಂದವಕ್ಕೆ ಗುರುತಿಲ್ಲ, ಅಂಕೆಯಿಲ್ಲ. ನ್ಯಾನೋವಿಎನ್‌ಎ ಎಂಬ ಅಳತೆ ಯಂತ್ರಕ್ಕೆ ಹಾಕಿದರೆ ಕೆಲವು ಮೆಗಾಹರ್ಟ್ಸ್‌ನಲ್ಲಿ ಪೈಲ್ವಾನ್, 120ಕ್ಕೆ ಬರುವಷ್ಟರಲ್ಲಿ ಸುಸ್ತು. ಪವರ್ ಸಪ್ಲೈಗೆ ಮಾಡಿದ ಮಾಲು. ಮಾರಿದವರಿಗೆ ಬರೆದರೆ, ಕಪ್ಪು ಬಣ್ಣದ್ದೇ ಕಳಿಸಿದ್ದೀವಲ್ಲ ಅಂದರು. ಫೆರೈಟ್ ಯಾವಾಗ ಗುಲಾಬಿ ಬಣ್ಣದಲ್ಲಿ ಬಂದಿತ್ತೋ ಕಾಣೆ. ಆಮೇಲೆ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನ ಗುಜರಿಯಲ್ಲಿ ಹಳೇ ಮಾನಿಟರುಗಳ ವಿಜಿಎ ಕೇಬಲ್‌ಗಳನ್ನು ತೂಕಕ್ಕೆ ತಂದೆ. ತುದಿಯಲ್ಲಿ ಗೆಡ್ಡೆ ಇರುತ್ತಲ್ಲ, ಬ್ಲೇಡಿನಿಂದ ಪ್ಲಾಸ್ಟಿಕ್ ಸೀಳಿದರೆ ಒಳಗೆ ಒಳ್ಳೆ ಫೆರೈಟ್ ಕೊಳವೆ, ಆರ್‌ಜಿ-6 ಸಲೀಸಾಗಿ ತೂರುತ್ತೆ. ಇವನ್ನು ಅಳೆದೇ ಪೋಣಿಸಿದೆ. ಫೀಡ್ ಪಾಯಿಂಟಿನ (ಕೇಬಲ್ ಡೈಪೋಲ್‌ಗೆ ಸೇರುವ ಜಾಗ) ಕೆಳಗೆ ಒಂದು ಸಾಲು, ಕೇಬಲ್ ಅಟ್ಟದಿಂದ ಇಳಿಯುವಲ್ಲಿ ಇನ್ನೊಂದು. ಬಲ್ಬು, ಮಣಿ ಎರಡೂ ಸೇರಿ ಇಳಿದದ್ದು 14 ಡಿಬಿ.

ಇಷ್ಟಕ್ಕೇ ನಿಲ್ಲಿಸುವ ಹಾಗಿಲ್ಲ. ನಮ್ಮ ತಾಲ್ಲೂಕಿನಲ್ಲೇ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೋ ವೀಕ್ಷಣಾಲಯ ಇದೆ. 34.5 ಮೆಗಾಹರ್ಟ್ಸ್‌ಗೆ ಟಿ ಆಕಾರದಲ್ಲಿ ಅವರು ನಿಲ್ಲಿಸಿದ್ದು 1000 ಡೈಪೋಲ್. ನನಗೆ ಒಂದು ಸಾಕು. ಅರ್ಧ ತರಂಗ 4.14 ಮೀಟರ್, ಅಟ್ಟದ ನಡುತೊಲೆಯುದ್ದಕ್ಕೂ ಅಡ್ಡಡ್ಡ ಹಿಡಿಯುತ್ತೆ. ನನ್ನ ಆರ್‌ಟಿಎಲ್ ಡಾಂಗಲ್ 24 ಮೆಗಾಹರ್ಟ್ಸ್‌ನಿಂದಲೇ ಕೇಳುತ್ತೆ, ಅಪ್‌ಕನ್ವರ್ಟರ್ (ಫ್ರೀಕ್ವೆನ್ಸಿ ಮೇಲೇರಿಸುವ ಪೆಟ್ಟಿಗೆ) ಖರ್ಚಿಲ್ಲ. ಗುರಿ ಸೂರ್ಯನ ಟೈಪ್-3 ರೇಡಿಯೋ ಸ್ಫೋಟಗಳು, ಕೆಲವೇ ಸೆಕೆಂಡಿನಲ್ಲಿ ಮೇಲಿನ ಫ್ರೀಕ್ವೆನ್ಸಿಯಿಂದ ಕೆಳಕ್ಕೆ ಜಾರುವಂಥವು. ಆ ಫ್ರೀಕ್ವೆನ್ಸಿಯಲ್ಲಿ ಆಕಾಶದ ಸದ್ದೇ ಹತ್ತು ಸಾವಿರ ಕೆಲ್ವಿನ್ ಆಸುಪಾಸು (ರೇಡಿಯೋ ಸದ್ದನ್ನು ಉಷ್ಣತೆಯ ಲೆಕ್ಕದಲ್ಲಿ ಹೇಳುತ್ತಾರೆ), ಹಾಗಾಗಿ ಎಲ್‌ಎನ್‌ಎ (ಕಡಿಮೆ ಸದ್ದಿನ ಆಂಪ್ಲಿಫೈಯರ್) ಬೇಡ, ಮನೆಯ ಸದ್ದು ಅದಕ್ಕಿಂತ ಕೆಳಗಿದ್ದರೆ ಆಯ್ತು. ಅದನ್ನು ಪರೀಕ್ಷಿಸೋದೂ ಸುಲಭ: ಕೇಳಿಸುತ್ತಿರುವುದು ಆಕಾಶಗಂಗೆಯೇ ಆದರೆ ಸದ್ದಿನ ಏರಿಳಿತ, ನಕ್ಷತ್ರಗಳು ಹುಟ್ಟುವ ಹಾಗೆ, ದಿನಕ್ಕೆ ಸುಮಾರು 4 ನಿಮಿಷ ಮುಂಚೆ ಬರಬೇಕು. ಅಮ್ಮನ ಪೂಜೆಯ ವೇಳೆ ಹಾಗೆ ಸರಿಯೋದಿಲ್ಲ.

ತಂತಿ ಮನೆಯಲ್ಲೇ ಇದೆ. ತೊಲೆಯ ಪಡುವಣ ತುದಿಯಲ್ಲಿ ಹುಣಸೆಹಣ್ಣಿನ ಮಡಕೆಗಳಿವೆ, ಅವನ್ನು ಕೆಳಗಿಳಿಸಲು ಅಮ್ಮನ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಅಷ್ಟರೊಳಗೆ 30 ಮೆಗಾಹರ್ಟ್ಸ್ ಸುತ್ತಮುತ್ತ ಚೆನ್ನಾಗಿ ತಡೆಯುವ ಚೋಕ್ ಮಾಡಬೇಕು. ವಿಜಿಎ ಗೆಡ್ಡೆಗಳ ಚೀಲದಲ್ಲಿ ಇನ್ನೂ ಅರ್ಧ ಉಳಿದಿದೆ, ಒಂದೊಂದೇ ಅಳೆಯುತ್ತಿದ್ದೇನೆ.