ಪಡೂಕಾದ ಕ್ವಿಲ್ಟ್ ವಾರ

ಏಪ್ರಿಲ್ ಕೊನೆಯಲ್ಲಿ ಪಡೂಕಾಗೆ ಹೋಗುವವರು ರೂಮಿನ ಚಿಂತೆ ಮೊದಲೇ ಮಾಡಬೇಕು. ಅಮೆರಿಕದ ಕೆಂಟಕಿ ರಾಜ್ಯದ ಪಶ್ಚಿಮದಲ್ಲಿ, ಟೆನೆಸಿ ನದಿ ಒಹಾಯೊ ನದಿಯನ್ನು ಸೇರುವಲ್ಲಿ ಇರುವ ಊರು ಇದು. ಜನಸಂಖ್ಯೆ ಸುಮಾರು 27 ಸಾವಿರ. ಕೌದಿಯ ಹಾಗೆ ಬಟ್ಟೆಯ ತುಂಡು ಜೋಡಿಸಿ ಹೊಲಿದ ಕ್ವಿಲ್ಟ್‌ಗಳ ಪ್ರದರ್ಶನ ಇಲ್ಲಿ ನಡೆಯುತ್ತದೆ. ಆ ಕ್ವಿಲ್ಟ್ ವಾರ ಬಂತೆಂದರೆ ಊರಿನವರಿಗಿಂತ ಬಂದವರೇ ಜಾಸ್ತಿ. ಹೋಟೆಲುಗಳೆಲ್ಲ ಭರ್ತಿ. ಊರಿನ ಜನ ತಮ್ಮ ಮನೆಯ ಕೋಣೆಗಳನ್ನೇ ಬಾಡಿಗೆಗೆ ಕೊಡುತ್ತಾರೆ. ಚರ್ಚುಗಳಲ್ಲಿ ಮಧ್ಯಾಹ್ನದ ಊಟ ಮಾಡಿ ಹಾಕುತ್ತಾರೆ. ರಸ್ತೆಯ ಎರಡೂ ಬದಿ ಡಾಗ್‌ವುಡ್ ಮರಗಳು ಬಿಳಿ ಹೂ ಬಿಟ್ಟು ನಿಂತಿರುತ್ತವೆ. ಯಾರ ಕೈ ನೋಡಿದರೂ ಒಂದು ಬಟ್ಟೆಯ ಚೀಲ.

ನಾವು ಹೋಗಿದ್ದು ನ್ಯಾಶ್‌ವಿಲ್‌ನಿಂದ. ವಾಯವ್ಯಕ್ಕೆ ಹೋಗುವ ಹೆದ್ದಾರಿ ಹಿಡಿದರೆ ಸುಮಾರು 220 ಕಿಲೋಮೀಟರ್, ಎರಡು ಗಂಟೆಯ ಮೇಲೆ ಸ್ವಲ್ಪ. ನನ್ನ ಜೊತೆ ಗೆಳತಿ, ಯಲ್ಲಾಪುರದ ಕಡೆಯವಳು. ಕಾರು ಓಡಿಸಿದವರು ನನ್ನ ಗಂಡ. ಪ್ರದರ್ಶನದ ಹೊರಗಿನ ಬೆಂಚುಗಳ ಮೇಲೆ ಅವರಂಥ ಗಂಡಂದಿರ ದೊಡ್ಡ ಗುಂಪೇ ಕೂತಿತ್ತು. ಸಂಜೆ ಹೊತ್ತಿಗೆ ಎಲ್ಲರೂ ಸ್ನೇಹಿತರಾಗಿದ್ದರು.

ಇಷ್ಟು ಸಣ್ಣ ಊರಿಗೆ ಈ ಭಾಗ್ಯ ತಂದವರು ಬಿಲ್ ಮತ್ತು ಮೆರೆಡಿತ್ ಶ್ರೋಡರ್ ಎಂಬ ಊರಿನದೇ ದಂಪತಿ. 1984ರಲ್ಲಿ ಅವರು ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿ ಶುರು ಮಾಡಿದರು. ಮರುವರ್ಷ ಮೊದಲ ಪ್ರದರ್ಶನ ನಡೆಯಿತು. 1991ರಲ್ಲಿ ಮ್ಯೂಸಿಯಂ ಬಾಗಿಲು ತೆರೆಯಿತು. ಈಗ ಅದರ ಹೆಸರು ನ್ಯಾಷನಲ್ ಕ್ವಿಲ್ಟ್ ಮ್ಯೂಸಿಯಂ. 2013ರಲ್ಲಿ ಯುನೆಸ್ಕೊ ಕೂಡ ಪಡೂಕಾವನ್ನು ಕರಕುಶಲ ಮತ್ತು ಜನಪದ ಕಲೆಯ ನಗರ ಎಂದು ತನ್ನ ಪಟ್ಟಿಗೆ ಸೇರಿಸಿಕೊಂಡಿತು.

ಕ್ವಿಲ್ಟ್ ಅಂದರೆ ಮೂರು ಪದರ. ಮೇಲೆ ತುಂಡು ಜೋಡಿಸಿದ ಬಟ್ಟೆ, ನಡುವೆ ಹತ್ತಿಯ ಹಾಸು, ಕೆಳಗೆ ಇನ್ನೊಂದು ಬಟ್ಟೆ. ಮೂರನ್ನೂ ಹಿಡಿದಿಡುವ ಹೊಲಿಗೆಯೇ ಕ್ವಿಲ್ಟಿಂಗ್. ಕೌದಿ ಹೊದ್ದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಲ್ಲಿ ಗೋಡೆಗೆ ತೂಗುಹಾಕಿದ್ದನ್ನು ಹೊದೆಯಲು ಯಾರಿಗೂ ಧೈರ್ಯ ಬರಲಿಕ್ಕಿಲ್ಲ. ಪ್ರದರ್ಶನದ ಅತಿ ದೊಡ್ಡ ಬಹುಮಾನ 20 ಸಾವಿರ ಡಾಲರ್. ಆ ಹಣ ತೆಗೆದುಕೊಂಡರೆ ಕ್ವಿಲ್ಟ್ ಮ್ಯೂಸಿಯಂ ಪಾಲು.

ಪ್ರದರ್ಶನದ ಹಾಲ್‌ನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ನಾವು ಕ್ವಿಲ್ಟ್ ಮುಟ್ಟುವಂತಿಲ್ಲ. ಆದರೆ ಬಿಳಿ ಗ್ಲೌಸ್ ಹಾಕಿಕೊಂಡ ಸ್ವಯಂಸೇವಕಿಯರು ಅಲ್ಲಲ್ಲಿ ನಿಂತಿರುತ್ತಾರೆ. ಕೇಳಿದರೆ ಅಂಚು ಎತ್ತಿ ಹಿಂಬದಿ ತೋರಿಸುತ್ತಾರೆ. ನನ್ನ ಗೆಳತಿ ಮುಂಬದಿ ನೋಡುವ ಮೊದಲೇ ಹಿಂಬದಿ ಕೇಳುತ್ತಿದ್ದಳು. ‘ಸುಳ್ಳೆಲ್ಲ ಹಿಂದ್ಗಡೆ ಸಿಗತ್ತೆ ಕಣೇ’ ಅಂತ ಅವಳ ವಾದ. ಒಂದರ ಹಿಂಬದಿಯಲ್ಲಿ ಒಂದೇ ಒಂದು ಗಂಟು ಕಾಣಲಿಲ್ಲ. ಹೊಲಿಗೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹುಡುಕಿ ಹುಡುಕಿ ಅವಳು ಸೋತಳು. ಗ್ಲೌಸಿನ ಅಜ್ಜಿಗೆ ಅದರಿಂದ ಬಹಳ ಖುಷಿಯಾಯಿತು.

ಪ್ರತಿ ಕ್ವಿಲ್ಟ್ ಪಕ್ಕ ಒಂದು ಫಲಕ. ತುಂಡು ಜೋಡಿಸಿದವರು ಒಬ್ಬರು, ಮೇಲಿನ ಹೊಲಿಗೆ ಹಾಕಿದವರು ಇನ್ನೊಬ್ಬರು ಆದರೆ ಇಬ್ಬರ ಹೆಸರೂ ಅದರಲ್ಲಿ. ಇದರಲ್ಲೇನು ವಿಶೇಷ ಅನಿಸಬಹುದು. ಇದೇ ಕೆಂಟಕಿಯ ಒಂದು ಹಳೆಯ ಕಥೆ ಗೊತ್ತಿದ್ದರೆ ಆ ಎರಡನೆಯ ಹೆಸರು ಎಷ್ಟು ಮುಖ್ಯ ಎಂದು ತಿಳಿಯುತ್ತದೆ.

1933ರಲ್ಲಿ ಷಿಕಾಗೊದಲ್ಲಿ ವಿಶ್ವ ಮೇಳ ನಡೆಯಿತು. ‘ಪ್ರಗತಿಯ ಶತಮಾನ’ ಅದರ ಘೋಷಣೆ. ಸಿಯರ್ಸ್ ಕಂಪನಿ ಆಗ ದೇಶಕ್ಕೆಲ್ಲ ಒಂದು ಕ್ವಿಲ್ಟ್ ಸ್ಪರ್ಧೆ ಇಟ್ಟಿತು. ಒಟ್ಟು ಬಹುಮಾನ 7,500 ಡಾಲರ್, ಅದರಲ್ಲಿ ಮೊದಲನೆಯದು 1,000. ಗೆದ್ದ ಕ್ವಿಲ್ಟ್ ಮೇಳದ ವಿಷಯದ ಮೇಲೆ ಸ್ವಂತ ವಿನ್ಯಾಸದ್ದಾಗಿದ್ದರೆ ಇನ್ನೂ 200. ಅದು ಮಹಾ ಆರ್ಥಿಕ ಕುಸಿತದ ಕಾಲ. ಮನೆ ಉಳಿಸಿಕೊಳ್ಳುವಷ್ಟು ಹಣ ಅದು. ಸುಮಾರು 24 ಸಾವಿರ ಕ್ವಿಲ್ಟ್‌ಗಳು ಬಂದವು. ಎಷ್ಟೋ ಹೆಂಗಸರು ಪ್ರಗತಿ ಅಂದರೇನು ಎಂದು ತಲೆ ಕೆಡಿಸಿಕೊಂಡು ರೈಲು, ವಿಮಾನ, ಎತ್ತರದ ಕಟ್ಟಡಗಳನ್ನೆಲ್ಲ ಬಟ್ಟೆಯಲ್ಲಿ ತಂದರು. ತೀರ್ಪುಗಾರರು ಕೊನೆಗೆ ಆರಿಸಿದ್ದು ಅಚ್ಚುಕಟ್ಟಾದ ಹಳೇ ಮಾದರಿಯ ಒಂದು ನಕ್ಷತ್ರದ ಕ್ವಿಲ್ಟನ್ನು! ವಿಷಯ ಕೊಟ್ಟವರೇ ವಿಷಯ ಮರೆತರು. ಕಷ್ಟಪಟ್ಟು ಹೊಸದು ಮಾಡಿದವರಿಗೆ ಸಿಟ್ಟು ಬಂದಿದ್ದರಲ್ಲಿ ಆಶ್ಚರ್ಯವಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೆದ್ದವರು ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಅಂಗಡಿ ಇಟ್ಟಿದ್ದ ಮಾರ್ಗರೆಟ್ ರಾಜರ್ಸ್ ಕೇಡನ್. ಅವರು ಆ ಕ್ವಿಲ್ಟ್‌ಗೆ ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ. ಕೂಲಿ ಕೊಟ್ಟು ಬೇರೆ ಹೆಂಗಸರಿಂದ ಮಾಡಿಸಿದ್ದರು. ಬಹುಮಾನದಲ್ಲಿ ಆ ಹೆಂಗಸರಿಗೆ ಪಾಲು ಸಿಗಲಿಲ್ಲ. ಆ ಕಾಲದಲ್ಲಿ ಅವರು ಬಾಯಿ ಬಿಡಲೂ ಇಲ್ಲ. ಬಾಯಿ ಬಿಟ್ಟರೆ ಇರುವ ಕೂಲಿಯೂ ಹೋಗುತ್ತಿತ್ತು. ದಶಕಗಳು ಕಳೆದ ಮೇಲೆ ಸಂಶೋಧಕರು ಹುಡುಕಿ ಹೊರಗೆ ತಂದ ಸಂಗತಿ ಇದು. ಕ್ವಿಲ್ಟ್ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಅವರಿಗೆ ಉಡುಗೊರೆಯಾಗಿ ಹೋಯಿತು. ಆಮೇಲೆ ಅದು ಕಣ್ಮರೆಯಾಯಿತು.

ಹಾಲ್‌ನಿಂದ ಮ್ಯೂಸಿಯಂಗೆ ನಡೆದೇ ಹೋಗಬಹುದು. ಒಳಗೆ ಬೆಳಕು ಕಡಿಮೆ. ಜೋರು ಬೆಳಕಿಗೆ ಬಟ್ಟೆಯ ಬಣ್ಣ ಮಾಸುತ್ತದಲ್ಲ, ಅದಕ್ಕೆ. ನಾನು ಇಷ್ಟು ದೂರ ಬಂದಿದ್ದೇ ಇಲ್ಲಿನ ಒಂದು ಸ್ಪರ್ಧೆಯ ಕ್ವಿಲ್ಟ್‌ಗಳನ್ನು ನೋಡಲು. ಮ್ಯೂಸಿಯಂ ಪ್ರತಿ ಸಲ ಹಳೆಯ ಕಾಲದ ಒಂದು ಮಾದರಿಯನ್ನು ವಿಷಯವಾಗಿ ಕೊಡುತ್ತದೆ. ಲಾಗ್ ಕ್ಯಾಬಿನ್, ಒಹಾಯೊ ಸ್ಟಾರ್, ಮ್ಯಾರಿನರ್ಸ್ ಕಂಪಸ್, ಡ್ರೆಸ್‌ಡನ್ ಪ್ಲೇಟ್, ಹೀಗೆ. ಅದನ್ನು ಹೇಗೆ ಬೇಕಾದರೂ ತಿರುಗಿಸಿ, ಹಿಗ್ಗಿಸಿ, ಒಡೆದು ಹೊಸ ಕ್ವಿಲ್ಟ್ ಮಾಡಬಹುದು. ಷರತ್ತು ಒಂದೇ. ನೋಡಿದವರಿಗೆ ಮೂಲ ಮಾದರಿಯ ಗುರುತು ಎಲ್ಲೋ ಒಂದು ಕಡೆ ಸಿಗಬೇಕು. ಬಂದದ್ದರಲ್ಲಿ 18 ಆರಿಸಿ ಪ್ರದರ್ಶನಕ್ಕೆ ಇಡುತ್ತಾರೆ.

ನಾವು ನೋಡಿದ ಸಲದ ವಿಷಯ ನೈನ್ ಪ್ಯಾಚ್. ಒಂಬತ್ತು ಚೌಕ, ಮೂರು ಸಾಲು, ಅಷ್ಟೇ. ಹಿಂದೆ ಚಿಕ್ಕ ಹುಡುಗಿಯರಿಗೆ ಮೊದಲು ಕಲಿಸುತ್ತಿದ್ದ ಮಾದರಿ. ಇಷ್ಟು ಸುಲಭದ್ದನ್ನು ಕೊಟ್ಟರೆ ಏನು ಮಾಡಲಿಕ್ಕಾಗುತ್ತದೆ ಅನಿಸುತ್ತದೆ ಅಲ್ವಾ? ಗೋಡೆ ಬೇರೆಯೇ ಹೇಳುತ್ತಿತ್ತು. ಒಬ್ಬರು ಚೌಕಗಳನ್ನು ಒಂದು ಮೂಲೆಯಿಂದ ಗಾಳಿಗೆ ಸಿಕ್ಕಂತೆ ವಾರೆ ಮಾಡಿ, ಕೆಳಗೆ ಬರುತ್ತ ಬರುತ್ತ ಚೂರುಗಳಾಗಿ ಚೆದುರಿಸಿದ್ದರು. ಇನ್ನೊಂದರಲ್ಲಿ ಚೌಕವೇ ಕಾಣಲಿಲ್ಲ. ದೂರ ಸರಿದು ನಿಂತಾಗ ಇಡೀ ಕ್ವಿಲ್ಟೇ ಒಂದು ದೊಡ್ಡ ನೈನ್ ಪ್ಯಾಚ್ ಎಂದು ಗೊತ್ತಾಯಿತು.

ಇಲ್ಲಿ ನನ್ನದೊಂದು ಅಭಿಪ್ರಾಯ. ‘ಶಾಂತಿ’, ‘ಸಾಗರ’, ‘ನನ್ನ ಊರು’ ಅಂತ ವಿಷಯ ಕೊಡುವ ಸ್ಪರ್ಧೆಗಳನ್ನೂ ನಾನು ನೋಡಿದ್ದೇನೆ. ಶಾಂತಿ ಅಂದರೆ ಪಾರಿವಾಳ ಬರುತ್ತದೆ, ಸಾಗರ ಅಂದರೆ ಆಮೆ ಬರುತ್ತದೆ. ಒಂದು ಮಾದರಿ ಕೊಟ್ಟಾಗ ಮಾತ್ರ ಯಾರು ಏನು ಮಾಡಿದರು ಎಂದು ನಿಜವಾಗಿ ಹೋಲಿಸಿ ನೋಡಬಹುದು. ಎಲ್ಲರೂ ಹೊರಟಿದ್ದು ಒಂದೇ ಜಾಗದಿಂದ ತಾನೇ. ಗೆಳತಿ ಒಪ್ಪಲಿಲ್ಲ. ‘ಹಂಗಾದ್ರೆ ಹೊಲಿಗೇಲಿ ಏನೂ ಹೇಳೋಕಿಲ್ದವ್ರೂ ಗೆಲ್ತಾರೆ’ ಅಂದಳು. ಈ ಜಗಳ ವಾಪಸ್ ಬರುವ ದಾರಿಯಲ್ಲೂ ನಡೆಯಿತು.

ಇನ್ನೊಂದು ಕೋಣೆಯಲ್ಲಿ ನಾನು ಬಹಳ ಹೊತ್ತು ನಿಂತೆ. ಕ್ಯಾರಲ್ ಬ್ರೈಯರ್ ಫಾಲರ್ಟ್ ಅವರ ‘ಕರೋನಾ 2: ಸೋಲಾರ್ ಎಕ್ಲಿಪ್ಸ್’. ನಡುವೆ ಕಪ್ಪಾದ ಸೂರ್ಯ. ಅದರ ಸುತ್ತ ಚಿಮ್ಮುವ ಬಣ್ಣದ ಪಟ್ಟಿಗಳು. ವಿಮಾನದಲ್ಲಿ ಪರಿಚಾರಕಿಯಾಗಿ ದುಡಿಯುತ್ತಲೇ ಕ್ವಿಲ್ಟ್ ಮಾಡಿದವರು ಇವರು. ಆಮೇಲೆ ಕೆಲವು ವರ್ಷ ಪಡೂಕಾದಲ್ಲೇ ಸ್ಟುಡಿಯೊ ಇಟ್ಟಿದ್ದರು. 1989ರಲ್ಲಿ ಈ ಕ್ವಿಲ್ಟ್ ಇಲ್ಲಿನ ಪ್ರದರ್ಶನದ ಅತಿ ದೊಡ್ಡ ಬಹುಮಾನ ಗೆದ್ದಾಗ ದೊಡ್ಡ ಗಲಾಟೆಯಾಯಿತು. ಅಲ್ಲಿಯವರೆಗೆ ಆ ಬಹುಮಾನ ಕೈಹೊಲಿಗೆಯವರಿಗೇ ಹೋಗುತ್ತಿತ್ತು. ಇದರ ಕ್ವಿಲ್ಟಿಂಗ್ ಮೆಷಿನ್ನಿನದು. ಎಲ್ಲರೂ ಮೆಷಿನ್ನಿನ ಬಗ್ಗೆಯೇ ಜಗಳವಾಡಿದರು. ನನ್ನ ಕಣ್ಣು ಹೋಗಿದ್ದು ಬಟ್ಟೆಯ ಮೇಲೆ. ಇದು ಅಂಗಡಿಯಲ್ಲಿ ಕೊಂಡ ಬಟ್ಟೆಯಲ್ಲ, ಕೈಯಲ್ಲಿ ಬಣ್ಣ ಹಾಕಿದ್ದು. ಪಕ್ಕಪಕ್ಕದ ಎರಡು ತುಂಡುಗಳ ನಡುವೆ ಬಣ್ಣ ಸ್ವಲ್ಪ ಸ್ವಲ್ಪವೇ ಏರುತ್ತದೆ, ಇಳಿಯುತ್ತದೆ. ಅದಕ್ಕೇ ಅದು ಒಳಗಿನಿಂದ ಉರಿಯುವ ಹಾಗೆ ಕಾಣುತ್ತದೆ. ಒಂದೇ ಬಣ್ಣದ ಅಷ್ಟು ಮೆಟ್ಟಿಲು ಅಂಗಡಿಯಲ್ಲಿ ಎಲ್ಲಿ ಸಿಗಬೇಕು?

ಅಲ್ಲಿಂದ ನೇರ ವ್ಯಾಪಾರದ ಮಳಿಗೆಗಳಿಗೆ. ಕೈಬಣ್ಣದ ಬಟ್ಟೆಯ ಮಳಿಗೆಗಳು ದೂರದಿಂದಲೇ ಗೊತ್ತಾಗುತ್ತವೆ. ಹೂವಿಲ್ಲ, ಚುಕ್ಕಿಯಿಲ್ಲ, ಬರೀ ಬಣ್ಣ. ಮಾರುವುದು ಹೆಚ್ಚಾಗಿ ಫ್ಯಾಟ್ ಕ್ವಾರ್ಟರ್ ಲೆಕ್ಕದಲ್ಲಿ. ಅಂದರೆ ಸುಮಾರು 18 ಇಂಚಿಗೆ 22 ಇಂಚಿನ ತುಂಡು. ಬೆಲೆ ಕೇಳಿ ಒಮ್ಮೆ ಗಾಬರಿಯಾಗುತ್ತದೆ. ಕೆಲಸ ಕೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ.

ಒಂದು ಮಳಿಗೆಯ ಹೆಂಗಸು, ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಉಳಿದವರು, ನಮಗೆ ಸಾವಕಾಶ ಹೇಳಿದರು. ಅವರು ಬಳಸುವ ಪ್ರೋಸಿಯಾನ್ ಬಣ್ಣವನ್ನು ಇಂಗ್ಲೆಂಡಿನ ಐಸಿಐ ಕಂಪನಿ 1956ರಲ್ಲಿ ಮಾರುಕಟ್ಟೆಗೆ ತಂದಿತು. ಇದು ನಾರಿನ ಮೇಲೆ ಸುಮ್ನೆ ಅಂಟಿಕೊಂಡು ಕೂರುವುದಿಲ್ಲ, ಹತ್ತಿಯ ಜೊತೆಗೇ ಬೆಸೆದುಕೊಳ್ಳುತ್ತದೆ. ಕುದಿಸಬೇಕಾಗಿಲ್ಲ. ಬೇಕಾದದ್ದು ವಾಷಿಂಗ್ ಸೋಡಾ. ಬಟ್ಟೆಯನ್ನು ಸೋಡಾ ನೀರಲ್ಲಿ ನೆನೆಸಿ, ಬಣ್ಣ ಹಾಕಿ, ಒದ್ದೆಯಾಗಿಯೇ ಒಂದು ರಾತ್ರಿ ಬಿಡಬೇಕು. ನೀರು ಜಾಸ್ತಿ ಇಟ್ಟು ಕದಡುತ್ತಿದ್ದರೆ ಬಣ್ಣ ಸಮ ಬರುತ್ತದೆ. ಕಡಿಮೆ ನೀರಲ್ಲಿ ಮುದುಡಿ ಇಟ್ಟರೆ ಮೋಡ ಮೋಡವಾಗಿ ಬರುತ್ತದೆ. ಬಣ್ಣದ ಮೆಟ್ಟಿಲು ಬೇಕಿದ್ದರೆ ಮೊದಲ ಡಬ್ಬಿಗೆ ಪೂರ್ತಿ ಬಣ್ಣ, ಮುಂದಿನದಕ್ಕೆ ಅರ್ಧ, ಅದರ ಮುಂದಿನದಕ್ಕೆ ಅದರರ್ಧ, ಹೀಗೆ ಇಳಿಸುತ್ತ ಹೋಗುವುದು. ಪುಡಿ ತೆರೆಯುವಾಗ ಮಾಸ್ಕ್ ಹಾಕಲೇಬೇಕು, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಐಸಿನ ವಿಧಾನ. ಸೋಡಾದಲ್ಲಿ ನೆನೆದ ಬಟ್ಟೆಯ ಮೇಲೆ ಐಸು ತುಂಬಿ, ಅದರ ಮೇಲೆ ಒಣ ಪುಡಿ ಉದುರಿಸುತ್ತಾರೆ. ಐಸು ಕರಗುತ್ತ ಬಣ್ಣ ನಿಧಾನವಾಗಿ ಇಳಿಯುತ್ತದೆ. ನೇರಳೆ ಪುಡಿ ಹೆಚ್ಚಾಗಿ ಎರಡು ಮೂರು ಬಣ್ಣಗಳ ಮಿಶ್ರಣ. ಒಂದೊಂದೂ ತನ್ನದೇ ವೇಗದಲ್ಲಿ ಕರಗುವುದರಿಂದ ಒಂದು ಕಡೆ ನೀಲಿ, ಒಂದು ಕಡೆ ಗುಲಾಬಿ ಒಡೆದು ಕಾಣುತ್ತದೆ. ಅಂಥದೇ ಬಟ್ಟೆ ಮತ್ತೊಮ್ಮೆ ಬೇಕೆಂದರೆ ಸಿಗುವುದಿಲ್ಲ. ಸ್ಪರ್ಧೆಗೆ ಹೊಲಿಯುವವರು ಅದಕ್ಕೇ ಮೊದಲೇ ಜಾಸ್ತಿ ಕೊಂಡಿಟ್ಟುಕೊಳ್ಳುತ್ತಾರಂತೆ. ಅರ್ಧ ದಾರಿಯಲ್ಲಿ ಬಟ್ಟೆ ಮುಗಿದರೆ ದೇವರೇ ಗತಿ.

ಇದರಲ್ಲೂ ನನಗೊಂದು ತಕರಾರು ಇದೆ. ಹಾಲ್ ಸುತ್ತಿದಾಗ ಒಳ್ಳೊಳ್ಳೆ ಕೈಬಣ್ಣದ ಬಟ್ಟೆ ಸಿಕ್ಕಿದ ಎಷ್ಟೋ ಮಂದಿ ಅದನ್ನು ಹಾಗೇ ಆಕಾಶ ಮಾಡಿ ಮೇಲೆ ಅಂಟಿಸಿದ್ದು ಕಂಡಿತು. ಬಟ್ಟೆಯೇ ಸೂರ್ಯಾಸ್ತ, ಕೆಳಗೊಂದು ಮರದ ನೆರಳು. ಬಹುಮಾನ ಬಣ್ಣ ಹಾಕಿದವರಿಗೆ ಹೋಗಬೇಕಲ್ವಾ ಅನಿಸಿತು. ಫಾಲರ್ಟ್ ಮಾಡಿದ್ದು ಅದಲ್ಲ. ಬಟ್ಟೆಯನ್ನು ಸಣ್ಣಗೆ ಕತ್ತರಿಸಿ, ಬಣ್ಣದ ಏರಿಳಿತವನ್ನು ತಾವೇ ಮತ್ತೆ ಕಟ್ಟಿದರು.

ಮಧ್ಯಾಹ್ನ ಕಾಲು ನೋಯತೊಡಗಿದಾಗ ನದಿಯ ಕಡೆ ಹೋದೆವು. 1937ರ ಪ್ರವಾಹದಲ್ಲಿ ಒಹಾಯೊ ನದಿ ಇಲ್ಲಿ 60 ಅಡಿಗೂ ಹೆಚ್ಚಿನ ಮಟ್ಟಕ್ಕೆ ಏರಿ ಊರನ್ನೇ ಖಾಲಿ ಮಾಡಿಸಿತ್ತು. ಆಮೇಲೆ ಕಟ್ಟಿದ ತಡೆಗೋಡೆಯ ಮೇಲೆ ಈಗ ರಾಬರ್ಟ್ ಡ್ಯಾಫರ್ಡ್ ಮತ್ತು ತಂಡದವರು ಊರಿನ ಇತಿಹಾಸವನ್ನು ಚಿತ್ರಿಸಿದ್ದಾರೆ. ಚೆನ್ನಾಗಿವೆ. ಬೆಂಚಿನ ಗಂಡಂದಿರೆಲ್ಲ ಅವನ್ನು ಆಗಲೇ ನೋಡಿ ಮುಗಿಸಿದ್ದರು.

ಅಲ್ಲಿ ಕೂತಿದ್ದಾಗ ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ನೀವು ಎಲ್ಲಿಯವರು ಎಂದು ಕೇಳಿದರು. ಗೆಳತಿ ಉತ್ಸಾಹದಿಂದ ಸಿದ್ದಿಯರು ಹೊಲಿಯುವ ಕೌದಿ, ಅಂದರೆ ಕವಂದಿ ಬಗ್ಗೆ ಶುರು ಮಾಡಿದಳು. ಆಫ್ರಿಕಾ ಮೂಲದ ಸಿದ್ದಿ ಜನ ಉತ್ತರ ಕನ್ನಡದ ಕಾಡಂಚಿನಲ್ಲಿದ್ದಾರೆ, ಹಳೆ ಸೀರೆ, ಹಳೆ ಅಂಗಿಯ ತುಂಡುಗಳಿಂದ ಹೊಲಿಯುತ್ತಾರೆ ಎಂದಳು. ಅಲ್ಲಿಯವರೆಗೆ ಅವರು ವಿನಯಕ್ಕೆ ತಲೆಯಾಡಿಸುತ್ತಿದ್ದರು. ಕವಂದಿ ಅಂಚಿನಿಂದ ಶುರುವಾಗಿ ಸುತ್ತ ಸುತ್ತ ಒಳಗೆ ಬಂದು ನಡುವೆ ಮುಗಿಯುತ್ತದೆ ಎಂದಾಗ ಇಬ್ಬರೂ ನೆಟ್ಟಗೆ ಕೂತರು. ಇಲ್ಲಿ ಮೇಲಿನ ಪದರವನ್ನು ಪೂರ್ತಿ ಜೋಡಿಸಿದ ಮೇಲೆಯೇ ಕ್ವಿಲ್ಟಿಂಗ್. ಅಲ್ಲಿ ತುಂಡು ಇಡುವುದು, ಹೊಲಿಯುವುದು ಒಟ್ಟಿಗೇ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ‘ಫೂಲ’, ಅಂದರೆ ಹೂ, ಇಡದಿದ್ದರೆ ಕವಂದಿ ಬೆತ್ತಲೆ ಅನ್ನುತ್ತಾರೆ ಎಂದಾಗ ಒಬ್ಬರು ಪುಸ್ತಕ ತೆಗೆದು ಚಿತ್ರ ಬರೆಸಿಕೊಂಡರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹೆಂಗಸರ ಜೊತೆ ಕೆಲಸ ಮಾಡಿ, ಅವರ ಕವಂದಿಗಳನ್ನು ಅಮೆರಿಕದಲ್ಲೂ ಪ್ರದರ್ಶನಕ್ಕೆ ತಂದಿದ್ದಾರೆ. ಸ್ಪರ್ಧೆಗೆ ಕಳಿಸಿದರೆ ಯಾವ ವಿಭಾಗಕ್ಕೆ ಹಾಕುತ್ತಾರೆ ಎಂದು ಆ ಇಬ್ಬರೇ ತಮ್ಮತಮ್ಮಲ್ಲಿ ವಾದ ಹೂಡಿದರು.

ನಾನು ಕೊಂಡದ್ದು ಒಂದು ನೀಲಿಯ ಮೆಟ್ಟಿಲು, ಎರಡು ಐಸಿನ ನೇರಳೆ, ಒಂದು ಕಡು ಕೆಂಪು. ನೈನ್ ಪ್ಯಾಚ್ ಹೊಲಿಯುವ ಯೋಚನೆ. ಬಣ್ಣ ಬಿಡುತ್ತದೆಯೋ ಎಂದು ನೋಡದೆ ಹೊಲಿಯಬೇಡಿ ಎಂದು ನೀಲಿ ಉಗುರಿನವರು ಎಚ್ಚರಿಸಿದ್ದರು. ಬೆಸೆದುಕೊಳ್ಳದೆ ಉಳಿದ ಬಣ್ಣ ಪೂರ್ತಿ ತೊಳೆದು ಹೋಗಿರದಿದ್ದರೆ, ಮುಂದೆ ಕ್ವಿಲ್ಟ್ ಒಗೆದ ದಿನ ಅದು ಪಕ್ಕದ ಬಿಳಿಗೆ ಹಬ್ಬುತ್ತದೆ. ಮನೆಗೆ ಬಂದವಳೇ ಒಂದೊಂದನ್ನೂ ಬಿಸಿನೀರಲ್ಲಿ ನೆನೆಸಿ, ಹಿಂಡಿ, ಬಿಳಿ ಬಟ್ಟೆಯ ಮೇಲೆ ಒತ್ತಿಟ್ಟೆ. ನೀಲಿ, ನೇರಳೆ ಪಾಸು. ಕೆಂಪು ಮಾತ್ರ ಒಗೆದಷ್ಟೂ ಗುಲಾಬಿ ನೀರು ಬಿಡುತ್ತಿದೆ. ‘ಹಂಗಾದ್ರೆ ಪೂರ್ತಿ ಕೆಂಪಿಂದೇ ಹೊಲಿ, ಯಾರಿಗೆ ಗೊತ್ತಾಗತ್ತೆ’ ಅಂತ ಗೆಳತಿಯ ಸಲಹೆ.