ಸೀಸನ್ ಕೆಲಸಕ್ಕೆ ರೆಸಾರ್ಟ್‌ಗೆ ಬರುವವರೇ, ಸಂಬಳದ ಜೊತೆ ರೂಮನ್ನೂ ಕೇಳಿ

ಕೊಡಗಿನ ಒಂದು ರೆಸಾರ್ಟ್‌ನಲ್ಲಿ ನಾನು ಎಚ್‌ಆರ್ ಕೆಲಸ ನೋಡಿಕೊಳ್ಳುತ್ತೇನೆ. ಫೆಬ್ರವರಿ ಬಂತೆಂದರೆ ನಮ್ಮ ಆಫೀಸಿನ ಫೋನಿಗೆ ಬಿಡುವಿರುವುದಿಲ್ಲ. ಏಪ್ರಿಲ್-ಮೇ ರಜೆಯ ಸೀಸನ್ನಿಗೆ ಹೌಸ್‌ಕೀಪಿಂಗ್ (ರೂಮು ಶುಚಿ ಮಾಡುವುದು), ಸರ್ವಿಸ್ (ಊಟ ಬಡಿಸುವುದು), ಕಿಚನ್ ಎಲ್ಲದಕ್ಕೂ ಜನ ಬೇಕು. ಗದಗ, ಹಾವೇರಿ, ರಾಯಚೂರು, ಚಾಮರಾಜನಗರ, ಆಚೆ ಅಸ್ಸಾಂ, ಒಡಿಶಾದಿಂದಲೂ ಹುಡುಗ ಹುಡುಗಿಯರು ಕೇಳುತ್ತಾರೆ. ಮೊದಲ ಪ್ರಶ್ನೆ ಸಂಬಳ ಎಷ್ಟು. ಎರಡನೆಯದು ಊಟ, ರೂಮು ಫ್ರೀನಾ. ಹೌದು ಅಂದ ತಕ್ಷಣ, "ಆಯ್ತು ಮೇಡಂ, ಯಾವಾಗ ಬರ್ಲಿ?"

ಮಾತು ಅಲ್ಲಿಗೇ ಮುಗಿಯಬಾರದು. ಇದು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಕೆಲಸವಲ್ಲ. ಮಲಗುವುದು, ಉಣ್ಣುವುದು, ಬಟ್ಟೆ ಒಗೆಯುವುದು, ಮೈ ಬಿಸಿಯಾದರೆ ಹೊದ್ದುಕೊಳ್ಳುವುದು ಎಲ್ಲ ಅಲ್ಲೇ. ಎರಡು ಮೂರು ತಿಂಗಳು ನಿಮ್ಮ ಮನೆ ಯಾವುದು ಅಂತ ಕೇಳಿದರೆ ಆ ಸ್ಟಾಫ್ ಕ್ವಾರ್ಟರ್ಸೇ. ಸೀಸನ್ ನಡುವೆ ಕೆಲಸ ಬಿಟ್ಟು ಹೋದವರ ಜೊತೆ ಹೊರಡುವ ದಿನ ಕೂತು ಮಾತಾಡುತ್ತೇನೆ. ಸಂಬಳ ಕಡಿಮೆ ಅಂತ ಹೋಗುವವರು ಇದ್ದಾರೆ. ಆದರೆ ನಿದ್ದೆ ಇಲ್ಲ, ಊಟ ಸೇರಲ್ಲ, ಮನೆಗೆ ಫೋನ್ ಸಿಗಲ್ಲ ಅಂತ ಹೋಗುವವರೇ ಜಾಸ್ತಿ. ಇವೆಲ್ಲ ಸೇರುವ ಮುಂಚೆ ಫೋನಿನಲ್ಲೇ ಕೇಳಬಹುದಾಗಿದ್ದ ಸಂಗತಿಗಳು.

ಒಮ್ಮೆ ಗದಗ ಕಡೆಯ ಹುಡುಗನೊಬ್ಬ ಸರ್ವಿಸ್ ಕೆಲಸಕ್ಕೆ ಮಾತಾಡಿ, ಕೊನೆಗೆ ಫೋನನ್ನು ತಾಯಿಯ ಕೈಗೆ ಕೊಟ್ಟ. ಆಯಮ್ಮ ಸಂಬಳದ ಮಾತೇ ಎತ್ತಲಿಲ್ಲ. "ಹುಡುಗಗ ಜ್ವರ ಬಂದ್ರ ಯಾರು ನೋಡ್ತಾರ್ರೀ ಅಲ್ಲೆ? ದವಾಖಾನಿ ಎಷ್ಟು ದೂರ ಐತ್ರಿ? ರಾತ್ರಿ ಗಾಡಿ ಸಿಗ್ತೇತೇನ್ರಿ?" ಅಂತ ಒಂದಾದ ಮೇಲೊಂದು ಕೇಳಿದರು. ಅಷ್ಟು ಸರಿಯಾದ ಪ್ರಶ್ನೆಗಳನ್ನು ಅದುವರೆಗೆ ನನಗೆ ಯಾರೂ ಕೇಳಿರಲಿಲ್ಲ. ಒಂದೊಂದಕ್ಕೂ ಉತ್ತರ ಕೊಟ್ಟೆ. ಆ ಹುಡುಗ ಸೀಸನ್ ಪೂರ್ತಿ ಇದ್ದ, ದಸರಾಕ್ಕೆ ಮತ್ತೆ ಬಂದ.

ಕೇಳಿದರೆ ಕೆಲಸ ಕೊಡಲಿಕ್ಕಿಲ್ಲ ಅನ್ನುವ ಹೆದರಿಕೆ ತುಂಬ ಜನಕ್ಕಿದೆ. ನಮ್ಮ ಕಡೆಯಿಂದ ನೋಡಿ. ಸೀಸನ್ ನಡುವೆ ಒಬ್ಬ ಬಿಟ್ಟುಹೋದರೆ ಅವನ ಜಾಗಕ್ಕೆ ಬೇರೆಯವರನ್ನು ಹುಡುಕಿ, ಕರೆಸಿ, ಕಲಿಸುವ ಹೊತ್ತಿಗೆ ರಜೆಯೇ ಮುಗಿದಿರುತ್ತದೆ. ಎಲ್ಲ ಕೇಳಿ ತಿಳಿದು ಬರುವವನು ನಿಲ್ಲುತ್ತಾನೆ ಅನ್ನುವ ಭರವಸೆ ನಮಗಿರುತ್ತದೆ. ಪ್ರಶ್ನೆ ಕೇಳಿದ್ದಕ್ಕೆ ಸಿಟ್ಟು ಮಾಡುವ ಜಾಗಕ್ಕೆ ದಯವಿಟ್ಟು ಹೋಗಬೇಡಿ.

ರೂಮಿನ ವಿಷಯದಿಂದಲೇ ಶುರು ಮಾಡಿ. ಒಂದು ರೂಮಿಗೆ ಎಷ್ಟು ಜನ? ಮಂಚ ಇದೆಯಾ, ಹಾಸಿಗೆ ಹೊದಿಕೆ ಕೊಡುತ್ತಾರಾ, ನಾವೇ ತರಬೇಕಾ? ಬೀಗ ಹಾಕುವ ಲಾಕರ್ ಇದೆಯಾ? ಬಾತ್‌ರೂಮು ಎಷ್ಟು ಜನಕ್ಕೆ ಒಂದು, ಬಿಸಿನೀರು ಯಾವ ಹೊತ್ತಿಗೆ? ಡ್ಯೂಟಿ ಬೇರೆ ಬೇರೆ ಹೊತ್ತಿನವರನ್ನು ಒಂದೇ ರೂಮಿಗೆ ಹಾಕುತ್ತಾರಾ? ಇದು ಸಣ್ಣ ಪ್ರಶ್ನೆಯಲ್ಲ. ನೈಟ್ ಶಿಫ್ಟ್ ಮುಗಿಸಿ ಬೆಳಿಗ್ಗೆ ಮಲಗುವವನ ಪಕ್ಕದಲ್ಲೇ ಉಳಿದವರು ಲೈಟ್ ಹಾಕಿಕೊಂಡು ಡ್ಯೂಟಿಗೆ ರೆಡಿಯಾಗುತ್ತಿದ್ದರೆ ಅವನಿಗೆ ನಿದ್ದೆ ಎಲ್ಲಿಂದ ಬರಬೇಕು? ಮಳೆಗಾಲಕ್ಕೆ ಬರುವವರು ಬಟ್ಟೆ ಒಣಗಿಸಲು ಜಾಗ ಇದೆಯಾ ಅಂತಲೂ ಕೇಳಬೇಕು. ಜೂನ್ ಹಿಡಿದರೆ ಕೊಡಗಿನಲ್ಲಿ ದಪ್ಪ ಬಟ್ಟೆ ದಿನಗಟ್ಟಲೆ ಹಸಿ ಹಸಿಯಾಗೇ ಇರುತ್ತದೆ. ಎರಡು ಜೊತೆ ಯೂನಿಫಾರ್ಮ್‌ನಲ್ಲಿ ದಿನ ತಳ್ಳುವುದು ಕಷ್ಟ.

ಹೆಣ್ಣುಮಕ್ಕಳು ಇನ್ನೂ ಒಂದಿಷ್ಟು ಕೇಳಿ. ಕ್ವಾರ್ಟರ್ಸ್ ಬೇರೆ ಕಟ್ಟಡದಲ್ಲಿದೆಯಾ, ರಾತ್ರಿ ಡ್ಯೂಟಿ ಮುಗಿದ ಮೇಲೆ ಅಲ್ಲಿವರೆಗೆ ಬಿಡುವವರು ಯಾರು, ಅಲ್ಲಿ ಹೆಂಗಸು ವಾರ್ಡನ್ ಇದ್ದಾರಾ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಒಂದು ಸಮಿತಿ ಇರಲೇಬೇಕು, 2013ರ ಕಾಯ್ದೆ ಹೇಳುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ. ತಡವರಿಸದೆ ಹೆಸರು ಹೇಳಿದರೆ ಆ ಜಾಗ ಅದನ್ನು ನಡೆಸುತ್ತಿದೆ ಅಂತ ಅರ್ಥ.

ಇನ್ನು ಡ್ಯೂಟಿ ಸಮಯ. ಎಂಟು ಗಂಟೆ, ಒಂಬತ್ತು ಗಂಟೆ ಅಂತ ಕೇಳಿಸಿಕೊಂಡು ಸುಮ್ಮನಾಗಬೇಡಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ ಕೇಳಿ. ಸರ್ವಿಸ್‌ನಲ್ಲಿ ಬ್ರೇಕ್ ಶಿಫ್ಟ್ ಇರುತ್ತದೆ. ಬೆಳಿಗ್ಗೆ ಆರೂವರೆಗೆ ಬ್ರೇಕ್‌ಫಾಸ್ಟ್ ಬಫೆಗೆ ನಿಂತು ಹನ್ನೊಂದಕ್ಕೆ ಬಿಟ್ಟರೆ, ಮತ್ತೆ ಸಂಜೆ ಏಳಕ್ಕೆ ಡಿನ್ನರಿಗೆ ಬರಬೇಕು. ಲೆಕ್ಕಕ್ಕೆ ಎಂಟು ಎಂಟೂವರೆ ಗಂಟೆ, ಆದರೆ ದಿನ ಪೂರ್ತಿ ಅದರಲ್ಲೇ ಹೋಗುತ್ತದೆ. ಕ್ವಾರ್ಟರ್ಸ್ ರೆಸಾರ್ಟ್ ಹಿಂದೆಯೇ ಇದ್ದರೆ ಮಧ್ಯಾಹ್ನ ಚೆನ್ನಾಗಿ ಮಲಗಬಹುದು. ನಾಲ್ಕೈದು ಕಿಲೋಮೀಟರ್ ದೂರ ಇದ್ದು, ಸ್ಟಾಫ್ ವ್ಯಾನು ದಿನಕ್ಕೆ ಎರಡೇ ಸಲ ಹೋಗುವುದಾದರೆ ಆ ಬಿಡುವೆಲ್ಲ ಲಾಕರ್ ರೂಮಿನ ಬೆಂಚಿನ ಮೇಲೇ ಕಳೆಯುತ್ತದೆ. ಅದಕ್ಕೇ ಕ್ವಾರ್ಟರ್ಸ್ ಎಷ್ಟು ದೂರ ಅನ್ನುವುದನ್ನು ಸಂಬಳದಷ್ಟೇ ಮುಖ್ಯ ಅಂತ ನಾನು ಹೇಳುವುದು.

ಹೌಸ್‌ಕೀಪಿಂಗ್‌ನಲ್ಲಿ ಬ್ರೇಕ್ ಶಿಫ್ಟ್ ಕಡಿಮೆ, ಆದರೆ ಹನ್ನೊಂದರಿಂದ ಎರಡರ ನಡುವಿನ ಹೊತ್ತು ತುಂಬ ಗಡಿಬಿಡಿ. ಹನ್ನೊಂದಕ್ಕೆ ಚೆಕ್‌ಔಟ್, ಎರಡಕ್ಕೆ ಚೆಕ್‌ಇನ್. ಆ ಮೂರು ಗಂಟೆಯಲ್ಲಿ ಬೆಡ್‌ಶೀಟ್ ಬದಲಿಸಿ, ಬಾತ್‌ರೂಮು ತೊಳೆದು ಒರೆಸಿ, ಟವೆಲ್ಲು ಇಟ್ಟು, ಕೆಟಲ್ ಪಕ್ಕ ಟೀ ಕಾಫಿ ಪುಡಿ ಜೋಡಿಸಿ, ಸೂಪರ್‌ವೈಸರ್ ಬಂದು ನೋಡುವ ಮುಂಚೆ ಮುಂದಿನ ಕಾಟೇಜಿಗೆ ಓಡಬೇಕು. ಗುಡ್ಡದ ಮೇಲಿನ ಕಾಟೇಜುಗಳಿಗೆ ಟ್ರಾಲಿ ಹೋಗುವುದಿಲ್ಲ, ಬೆಡ್‌ಶೀಟು, ಟವೆಲ್ಲಿನ ಗಂಟನ್ನು ಹೊತ್ತುಕೊಂಡೇ ಮೆಟ್ಟಿಲು ಹತ್ತಬೇಕು. ಸೊಂಟ ನೋವಿರುವವರು ಇದನ್ನು ಮೊದಲೇ ಹೇಳಿದರೆ ಲಾಂಡ್ರಿಗೋ ಸ್ಟೋರಿಗೋ ಹಾಕಬಹುದು.

ವೀಕ್ಲಿ ಆಫ್ ಬಗ್ಗೆಯೂ ಸ್ಪಷ್ಟವಾಗಿ ಮಾತಾಡಿ. ಲಾಂಗ್ ವೀಕೆಂಡು, ದಸರಾ, ಡಿಸೆಂಬರ್ ಕೊನೆ ವಾರ ಯಾರಿಗೂ ಆಫ್ ಸಿಗುವುದಿಲ್ಲ, ಅದು ಎಲ್ಲ ರೆಸಾರ್ಟ್‌ನಲ್ಲೂ ಹಾಗೇ. ಆ ಆಫನ್ನು ಆಮೇಲೆ ಕೊಡುತ್ತಾರಾ, ದುಡ್ಡು ಕೊಡುತ್ತಾರಾ? ವಾರಕ್ಕೆ 48 ಗಂಟೆ ದಾಟಿದ ಕೆಲಸಕ್ಕೆ ಸಂಬಳದ ಎರಡರಷ್ಟು ದರದಲ್ಲಿ ಓವರ್‌ಟೈಮ್ ಬರಬೇಕು. ಕೊಡಗಿಗೆ ರೈಲು ಇಲ್ಲ ಅನ್ನುವುದೂ ನೆನಪಿರಲಿ. ಕಲಬುರಗಿಯವರಿಗೆ ಒಂದು ದಿನದ ಆಫ್‌ನಲ್ಲಿ ಊರಿಗೆ ಹೋಗಿಬರುವುದು ಆಗದ ಮಾತು. ನಾಲ್ಕು ಆಫ್ ಒಟ್ಟಿಗೆ ತಗೊಳ್ಳಬಹುದಾ ಅಂತ ಮೊದಲೇ ಕೇಳಿಟ್ಟುಕೊಂಡರೆ ಮನೆ ನೋಡಿ ಬರಬಹುದು.

ಅರ್ಜಿ ಹಾಕುವಾಗ ನಾವು ಮೊದಲು ನೋಡುವುದು ಡಿಗ್ರಿ ಅಲ್ಲ, ತಾರೀಕು. "ಮಾರ್ಚ್ 25ರಿಂದ ಜೂನ್ 5ರವರೆಗೆ ಇರುತ್ತೇನೆ, ನಡುವೆ ಏಪ್ರಿಲ್‌ನಲ್ಲಿ ಅಕ್ಕನ ಮದುವೆಗೆ ಮೂರು ದಿನ ರಜೆ ಬೇಕು" ಅಂತ ಬರೆದವರಿಗೆ ನಾನು ಮೊದಲು ಫೋನ್ ಮಾಡುತ್ತೇನೆ. ಮದುವೆ ವಿಷಯ ಮುಚ್ಚಿಟ್ಟು ಹಿಂದಿನ ದಿನ ಹೇಳಿದರೆ ರೋಸ್ಟರ್ (ಡ್ಯೂಟಿ ಪಟ್ಟಿ) ಕೂರುವುದಿಲ್ಲ, ಜೊತೆಯವರಿಗೆ ಡಬಲ್ ಡ್ಯೂಟಿ ಬೀಳುತ್ತದೆ. ಬಯೋಡೇಟಾ ಒಂದು ಪುಟ ಸಾಕು. ಯಾವ ಭಾಷೆ ಬರುತ್ತದೆ, ಹಿಂದೆ ಎಲ್ಲಿ ಏನು ಮಾಡಿದ್ದೀರಿ, ಯಾವ ಕೆಲಸಕ್ಕೂ ರೆಡಿಯೋ ಒಂದೇ ಡಿಪಾರ್ಟ್‌ಮೆಂಟ್ ಬೇಕೋ. ಊರಿನ ಮದುವೆ ಅಡುಗೆಯಲ್ಲಿ ಬಡಿಸಿದ್ದರೆ ಅದನ್ನೂ ಬರೆಯಿರಿ, ನಮಗೆ ಅದು ಅನುಭವವೇ.

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಫೋಟೋ, ಹಿಂದೆ ಪಿಎಫ್ (ಭವಿಷ್ಯ ನಿಧಿ) ಇದ್ದರೆ ಆ ಖಾತೆಯ ಯುಎಎನ್ ನಂಬರ್ ತನ್ನಿ, ಕೆಲಸ ಬದಲಾದರೂ ಅದು ಒಂದೇ. ಕಿಚನ್, ಸರ್ವಿಸ್‌ಗೆ ಬರುವವರಿಗೆ ಮೆಡಿಕಲ್ ಸರ್ಟಿಫಿಕೇಟ್ ಬೇಕು. ಊಟ ತಯಾರಿಸುವ, ಬಡಿಸುವವರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಆಹಾರ ಸುರಕ್ಷತೆಯ ನಿಯಮ. ಮಾರ್ಕ್ಸ್‌ಕಾರ್ಡ್ ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಡಿ, ಒರಿಜಿನಲ್ ವಾಪಸ್ ಇಟ್ಟುಕೊಳ್ಳಿ. ಬೀರುವಿನಲ್ಲಿಟ್ಟು "ಸೀಸನ್ ಮುಗಿದ ಮೇಲೆ ಕೊಡ್ತೀವಿ" ಅನ್ನುವವರ ಹತ್ತಿರ ಒಂದು ದಿನವೂ ನಿಲ್ಲಬೇಡಿ. ರಿಜಿಸ್ಟ್ರೇಷನ್ ಫೀ, ಯೂನಿಫಾರ್ಮ್ ಡೆಪಾಸಿಟ್ ಅಂತ ಫೋನ್‌ಪೇ ಮಾಡಿ ಅಂದರೆ ಅದು ಮೋಸ. ಬಸ್ಸಿಳಿದು ಗೇಟಿನ ಮುಂದೆ ಬ್ಯಾಗ್ ಹಿಡಿದು ನಿಂತು, ತಮ್ಮ ಹೆಸರು ನಮ್ಮ ಲಿಸ್ಟಿನಲ್ಲಿ ಇಲ್ಲವೇ ಇಲ್ಲ ಅಂತ ತಿಳಿದ ಮಕ್ಕಳನ್ನು ನೋಡಿದ್ದೇನೆ. ಯಾರೋ ಏಜೆಂಟ್ ನಮ್ಮ ಹೆಸರು ಹೇಳಿ ದುಡ್ಡು ತಿಂದಿದ್ದ. ಹೊರಡುವ ಮುಂಚೆ ರೆಸಾರ್ಟ್‌ನ ರಿಸೆಪ್ಶನ್ನಿಗೆ ಒಂದು ಫೋನ್ ಮಾಡಿ, ಎಚ್‌ಆರ್‌ಗೆ ಕೊಡಿ ಅನ್ನಿ. ಅಷ್ಟರಲ್ಲೇ ನಿಜ ಗೊತ್ತಾಗುತ್ತದೆ.

ಸಂಬಳದ ಮಾತಿಗೆ ಬಂದರೆ, ಕೈಗೆ ಎಷ್ಟು ಅಂತ ಕೇಳಿ. ಒಟ್ಟು 15,000, ಅದರಲ್ಲಿ ಬೇಸಿಕ್ (ಮೂಲ ಸಂಬಳ) 10,000 ಅಂದುಕೊಳ್ಳಿ. ಪಿಎಫ್ ಬೇಸಿಕ್‌ನ ಶೇ. 12 ಅಂದರೆ 1,200, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಒಟ್ಟು ಸಂಬಳದ ಶೇ. 0.75 ಅಂದರೆ 113 ರೂಪಾಯಿ ಹೋಗಿ 13,687 ಸಿಗುತ್ತದೆ. ಈ ಕಡಿತ ನಷ್ಟವಲ್ಲ. ಪಿಎಫ್‌ಗೆ ಕಂಪನಿಯೂ ಹಾಕುತ್ತದೆ, ಇಎಸ್‌ಐ ಇದ್ದರೆ ಆಸ್ಪತ್ರೆ ಖರ್ಚಿಗೆ ಆಸರೆ. ಆದರೆ "ಫ್ರೀ" ಅಂದ ಊಟ ರೂಮಿಗೆ ಸ್ಲಿಪ್‌ನಲ್ಲಿ ದುಡ್ಡು ಹಿಡಿಯುತ್ತಾರಾ, ಟಿಪ್ಸ್ ಹೇಗೆ ಹಂಚುತ್ತಾರೆ ಅಂತ ಕೇಳಿ. ಎಲ್ಲವೂ ಆಫರ್ ಲೆಟರ್‌ನಲ್ಲಿ ಬರಲಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ (ಹೊಸ ಕಾರ್ಮಿಕ ಕಾನೂನುಗಳ) ಪ್ರಕಾರ ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಬೇಕು. ಸೀಸನ್ ಹುಡುಗರಿಗೆ ಯಾಕೆ ಲೆಟರ್ ಅನ್ನುವ ಮಾತಿಗೆ ಇನ್ನು ಜಾಗವಿಲ್ಲ.

ಇದನ್ನೇ ವರ್ಷವಿಡೀ ಮಾಡುವವರೂ ಇದ್ದಾರೆ. ಗೋವಾ, ಗೋಕರ್ಣದ ಕಡಲ ತೀರಕ್ಕೆ ಅಕ್ಟೋಬರ್‌ನಿಂದ ಸೀಸನ್, ಮಳೆ ಶುರುವಾದರೆ ಅಲ್ಲಿ ಕೆಲಸ ಇಳಿಯುತ್ತದೆ. ಕೊಡಗು, ಊಟಿಗೆ ಏಪ್ರಿಲ್-ಮೇ ಜೋರು. ಕಬಿನಿಯಲ್ಲೂ ಬೇಸಿಗೆಗೆ ನೀರು ಇಳಿದು ಪ್ರಾಣಿಗಳು ದಡಕ್ಕೆ ಬರುವಾಗ ಸಫಾರಿಗೆ ಜನ ತುಂಬುತ್ತಾರೆ. ಒಂದು ಕಡೆ ಮುಗಿಯುವ ಹೊತ್ತಿಗೆ ಇನ್ನೊಂದು ಕಡೆ ಮಾತಾಡಿಟ್ಟುಕೊಂಡರೆ ಖಾಲಿ ಕೂರುವ ತಿಂಗಳು ಕಡಿಮೆ. ಏಪ್ರಿಲ್ ಕೆಲಸಕ್ಕೆ ಫೆಬ್ರವರಿಯಲ್ಲಿ, ದಸರಾ ಮತ್ತು ಡಿಸೆಂಬರಿಗೆ ಆಗಸ್ಟ್‌ನಲ್ಲಿ ಫೋನ್ ಮಾಡಿ.

ಹಾಗೆ ಓಡಾಡುವವರಿಗೆ ಹೊರಡುವ ದಿನದ ಕಾಗದಗಳು ಬಲು ಮುಖ್ಯ. ಯೂನಿಫಾರ್ಮ್, ಲಾಕರ್ ಕೀ, ಐಡಿ ಕಾರ್ಡ್ ವಾಪಸ್ ಕೊಟ್ಟು, ಬಾಕಿ ಏನೂ ಇಲ್ಲ ಅನ್ನುವ ಕ್ಲಿಯರೆನ್ಸ್ ಫಾರ್ಮ್‌ಗೆ ಸಹಿ ಹಾಕಿಸಿ, ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಎಕ್ಸ್‌ಪೀರಿಯೆನ್ಸ್ ಲೆಟರ್ ಅಲ್ಲೇ ಕೇಳಿ, ಆಮೇಲೆ ಕಳಿಸ್ತೀವಿ ಅಂದರೆ ಇಮೇಲ್‌ನಲ್ಲಿ ತಾರೀಕು ಬರೆಸಿಕೊಳ್ಳಿ. ಹೊಸ ಜಾಗದಲ್ಲಿ ಹೊಸ ಯುಎಎನ್ ಮಾಡಿಸಬೇಡಿ, ಹಳೆಯದನ್ನೇ ಕೊಡಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ತಾರೀಕು ಬಿದ್ದಿದೆಯಾ ಅಂತ ಒಮ್ಮೆ ನೋಡಿ. ಕಂಪನಿ ಹಾಕದೇ ಇದ್ದರೆ, ಕೊನೆಯ ಕಂತು ಕಟ್ಟಿದ ಎರಡು ತಿಂಗಳ ನಂತರ ನೀವೇ ಆನ್‌ಲೈನ್‌ನಲ್ಲಿ ಹಾಕಿಕೊಳ್ಳಬಹುದು.